ಗೆರ್ನ್ ಎಂಬ ಮಾತು, ನಮ್ಮ ಮನೆಯ ಒಲೆ

ನಮ್ಮ ಮನೆಯಲ್ಲಿ ಇದ್ದು ಹೋದ ಅತಿಥಿಗಳು ಮೊಬೈಲಿನಲ್ಲಿ ನಮ್ಮ ಬಗ್ಗೆ ನಾಲ್ಕು ಮಾತು ಬರೆದು ಚುಕ್ಕಿ ಕೊಡುತ್ತಾರೆ. ಫ್ರಾನ್ಸಿನವರಿರಲಿ, ಪುಣೆಯವರಿರಲಿ, ಅದರಲ್ಲಿ ಒಂದು ಮಾತು ತಪ್ಪುವುದಿಲ್ಲ: ಈ ಮನೆಯ ಅಮ್ಮ ಪ್ರೀತಿಯಿಂದ ಅಡುಗೆ ಮಾಡುತ್ತಾರೆ. ಓದಿದಾಗಲೆಲ್ಲ ನನಗೆ ನಗು ಬರುತ್ತಿತ್ತು. ಪ್ರೀತಿಯೂ ಇಲ್ಲ, ಮಣ್ಣೂ ಇಲ್ಲ. ಅಡುಗೆ ಎಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಕೈಗೆ ಅಭ್ಯಾಸವಾಗಿತ್ತು, ಮಾಡುತ್ತಿದ್ದೆ. ಒಲೆ ಹಚ್ಚುವಾಗಲೇ ಯಾವಾಗ ಮುಗಿಯುತ್ತದೋ ಎಂದು ಕಾಯುವ ಹೆಂಗಸು ನಾನು.

ಇದನ್ನು ಯಾರಿಗೂ ಹೇಳಿರಲಿಲ್ಲ. ಮುಚ್ಚಿಟ್ಟಿದ್ದೆ ಎಂದಲ್ಲ. ಕೇಳಿದವರೇ ಇರಲಿಲ್ಲ. ನಮ್ಮ ಕಡೆ ಹೆಂಗಸಿಗೆ ಅಡುಗೆ ಬರುತ್ತದೋ ಇಲ್ಲವೋ ಎಂದು ಕೇಳುತ್ತಾರೆ, ಸೇರುತ್ತದೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ನಿನಗೆ ನಿನ್ನ ಮೂಗು ಇಷ್ಟವೇ ಎಂದು ಯಾರಾದರೂ ಕೇಳುತ್ತಾರೆಯೇ? ಇದೆ, ಅಷ್ಟೆ.

ನಮ್ಮದು ಕಡ್ಡಿರಾಂಪುರ. ಹೊಸಪೇಟೆಯಿಂದ ಹಂಪಿಗೆ ಹೋಗುವ ಆಟೋಗಳೆಲ್ಲ ನಮ್ಮ ಮನೆಯ ಮುಂದೆಯೇ ಹಾದು ಹೋಗುತ್ತವೆ. ಹಿಂದೆ ನಮ್ಮ ಬಾಳೆ ತೋಟ, ಅದರಾಚೆ ಕಾಲುವೆ. ಮನೆಯ ಪಕ್ಕಕ್ಕೆ ಮೂರು ಕೋಣೆ ಕಟ್ಟಿಸಿ ಬಂದವರಿಗೆ ಇರಲು ಕೊಡುತ್ತೇವೆ. ಮನೆಯಲ್ಲಿ ನಾನು, ನನ್ನ ಗಂಡ, ನನ್ನ ಅತ್ತೆ. ಗಂಡ ತೋಟ ನೋಡಿಕೊಳ್ಳುತ್ತಾರೆ, ಅತ್ತೆ ನಮ್ಮಿಬ್ಬರನ್ನೂ ನೋಡಿಕೊಳ್ಳುತ್ತಾರೆ. ವಯಸ್ಸಾಗಿದ್ದರೂ ಅತ್ತೆಯ ಗಂಟಲು ಮಾತ್ರ ಹರೆಯದಲ್ಲೇ ನಿಂತುಬಿಟ್ಟಿದೆ. ಅಂಗಳದಲ್ಲಿ ಕೂತು ಒಂದು ಕೂಗು ಹಾಕಿದರೆ ತೋಟದ ತುದಿಯಲ್ಲಿರುವ ಮಗ ಗುದ್ದಲಿ ಬಿಟ್ಟು ಬರಬೇಕು.

ಪ್ರತಿ ಚಳಿಗಾಲ ನಮ್ಮಲ್ಲಿಗೆ ಜರ್ಮನಿಯಿಂದ ಒಬ್ಬ ಮೇಡಂ ಬರುತ್ತಾರೆ. ಅಲ್ಲಿ ಸಣ್ಣ ಮಕ್ಕಳ ಶಾಲೆಯಲ್ಲಿ ಟೀಚರ್ ಆಗಿದ್ದವರು, ಈಗ ನಿವೃತ್ತರು. ಎಲ್ಲರೂ ಗುಡಿ ನೋಡಲು ಬಂದರೆ ಇವರು ಬಂಡೆ ನೋಡಲು ಬರುತ್ತಾರೆ. ಬೆಳಿಗ್ಗೆ ಒಂದು ಬಂಡೆಯ ಮುಂದೆ ಕೂತರೆ ಮಧ್ಯಾಹ್ನದವರೆಗೆ ಅದೇ ಬಂಡೆಯ ಚಿತ್ರ ಬರೆಯುತ್ತಾರೆ. "ಕಲ್ಲು ಎಲ್ಲಿಗೂ ಓಡಿ ಹೋಗಂಗಿಲ್ಲ, ಈಕಿಗೇನ್ ಅವಸರ," ಎಂದು ಅತ್ತೆ ಮೊದಲ ವರ್ಷ ಆಡಿಕೊಂಡರು. ಎರಡನೆಯ ವರ್ಷದಿಂದ ಯಾವ ಬಂಡೆ ಚೆನ್ನಾಗಿದೆ ಎಂದು ತಾವೇ ಕೈ ಮಾಡಿ ತೋರಿಸತೊಡಗಿದರು.

ಮೇಡಂಗೂ ನನಗೂ ಮಾತು ಹರಕು ಮುರುಕು ಇಂಗ್ಲಿಷಿನಲ್ಲಿ. ನನ್ನದು ಕಂಪ್ಲಿಯಲ್ಲಿ ಪಿಯುಸಿವರೆಗೆ ಓದಿದ್ದು, ಅವರದು ಯಾವಾಗಲೋ ಕಲಿತದ್ದು. ಒಂದು ವರ್ಷ ಅವರೇ ಬೇಸತ್ತು ಹೇಳಿದರು, ಇಬ್ಬರೂ ಇನ್ನೊಬ್ಬರ ಭಾಷೆಯಲ್ಲಿ ಯಾಕೆ ಒದ್ದಾಡಬೇಕು, ನೀನು ನನ್ನದು ಕಲಿ, ನಾನು ನಿನ್ನದು ಕಲಿಯುತ್ತೇನೆ ಎಂದು. ಅಂದಿನಿಂದ ಸಂಜೆ ಕಟ್ಟೆಯ ಮೇಲೆ ಪಾಠ ಶುರುವಾಯಿತು. ಅವರು ಬೇಗ "ಬರ್ರಿ, ಕುಂದ್ರಿ, ಭಾಳ ಚಲೋ" ಕಲಿತು ಊರಿನ ಮನ ಗೆದ್ದರು. ಆಟೋದವರಿಗೆ "ಬ್ಯಾಡ್ರಿ, ನಡ್ಕೊಂತ ಹೊಕ್ಕೀನಿ" ಎನ್ನುವಷ್ಟು ಬಂತು. ನನಗೆ ಜರ್ಮನ್ ಅಷ್ಟು ಬೇಗ ಬರಲಿಲ್ಲ. ಆದರೆ ಬಿಡುವ ಜಾತಿಯವಳಲ್ಲ ನಾನು. ರೊಟ್ಟಿ ಬಡಿಯುತ್ತಲೇ ಬಾಯಿಪಾಠ ಮಾಡುತ್ತಿದ್ದೆ. ರೊಟ್ಟಿಗಿಂತ ಅದೇ ಮೇಲಾಗಿತ್ತು.

ಕಳೆದ ಚಳಿಗಾಲದಲ್ಲಿ ಅವರು ಒಂದು ಹೊಸ ಮಾತು ಹೇಳಿಕೊಟ್ಟರು: ಗೆರ್ನ್. ಸಣ್ಣ ಮಾತು, ಬಾಯಿಗೆ ಹಾಕಿಕೊಂಡ ಕಲ್ಲುಸಕ್ಕರೆಯಷ್ಟು. ಯಾವ ಕೆಲಸದ ಮಾತಿನ ಪಕ್ಕದಲ್ಲಿ ಅದನ್ನು ಕೂರಿಸುತ್ತೇವೋ ಆ ಕೆಲಸವನ್ನು ಖುಷಿಯಿಂದ ಮಾಡುತ್ತೇವೆ ಎಂದು ಅರ್ಥ. ಇಷ್ ಲೇಝೆ ಗೆರ್ನ್ ಎಂದರೆ ನನಗೆ ಓದುವುದು ಇಷ್ಟ. ಆದರೆ ಜರ್ಮನಿಯವರು ಇಷ್ಟವನ್ನು ಬೇರೆ ತಟ್ಟೆಯಲ್ಲಿ ಇಡುವುದಿಲ್ಲ. ನಾನು ಓದುತ್ತೇನೆ, ಖುಷಿಯಾಗಿ. ನಾನು ನಡೆಯುತ್ತೇನೆ, ಖುಷಿಯಾಗಿ. ಕೆಲಸದ ಮೈಗೇ ಖುಷಿ ಹಚ್ಚಿಬಿಡುತ್ತಾರೆ. ಮನಸಾರೆ ಎನ್ನಲೇ, ಪ್ರೀತಿಯಿಂದ ಎನ್ನಲೇ, ಹಿಗ್ಗಿನಿಂದ ಎನ್ನಲೇ ಎಂದು ನಾನು ಕನ್ನಡದ ಮಾತುಗಳನ್ನೆಲ್ಲ ತಂದು ತಂದು ಅದರ ಪಕ್ಕ ನಿಲ್ಲಿಸಿದೆ. ಎಲ್ಲವೂ ಅದಕ್ಕಿಂತ ಒಂದು ಗೇಣು ಎತ್ತರವೇ ಇದ್ದವು. ನಮ್ಮಲ್ಲಿ ಮನಸಾರೆ ಎಂದು ಹರಸುತ್ತೇವೆ, ಹಾರೈಸುತ್ತೇವೆ. ಚಹಾ ಕುಡಿಯುವುದಕ್ಕೆಲ್ಲ ಅಷ್ಟು ದೊಡ್ಡ ಮಾತು ತೆಗೆಯುವುದಿಲ್ಲ. ಗೆರ್ನ್‌ಗೆ ಅಂಥ ಬಿಂಕವಿಲ್ಲ. ಅದು ಮನೆಯಲ್ಲಿ ಉಡುವ ಸೀರೆ.

ಆ ಒಂದು ಮಾತು ಎಷ್ಟು ಕಡೆ ಓಡಾಡುತ್ತದೆ ಎಂದರೆ ನನಗೆ ಹೊಟ್ಟೆಕಿಚ್ಚಾಗುವಷ್ಟು. ಚಹಾ ಬೇಕೇ ಎಂದು ಕೇಳಿದರೆ ಹೌದು ಎನ್ನುವ ಬದಲು ಸುಮ್ಮನೆ ಗೆರ್ನ್ ಎನ್ನಬಹುದು. ಯಾರಾದರೂ ಥ್ಯಾಂಕ್ಸ್ ಹೇಳಿದರೆ ಗೆರ್ನ್ ಗೆಶೇಎನ್ ಎನ್ನುತ್ತಾರೆ, ಅಂದರೆ ಅದು ಖುಷಿಯಿಂದಲೇ ಆಯಿತು ಬಿಡಿ ಎಂದು. ಅಂಗಡಿಯಲ್ಲಿ ಏನಾದರೂ ಕೇಳುವಾಗ ಇಷ್ ಹೆಟ್ಟೆ ಗೆರ್ನ್ ಎಂದು ಶುರು ಮಾಡುತ್ತಾರೆ, ಇದೊಂದು ಸಿಕ್ಕಿದ್ದರೆ ಖುಷಿಯಾಗುತ್ತಿತ್ತು ಎಂಬಂತೆ. "ಅಷ್ಟ್ ಬೇಡ್ಕೊಂಡ್ರ ಅಂಗಡಿಯವ ರೇಟ್ ಏರಿಸ್ತಾನ್ರಿ," ಎಂದೆ. ಅವರ ಊರಿನಲ್ಲಿ ಚೌಕಾಸಿ ಇಲ್ಲವಂತೆ. ಪಾಪ ಅನ್ನಿಸಿತು. ಗೂಟ್ ಉಂಟ್ ಗೆರ್ನ್ ಎಂದರೆ ನಮ್ಮ ಏನಿಲ್ಲ ಅಂದರೂ ಎಂಬ ಮಾತು. ಏನಿಲ್ಲ ಅಂದರೂ ಹತ್ತು ಕಿಲೋ ಇರುತ್ತದೆ ಎನ್ನುತ್ತೇವಲ್ಲ, ಹಾಗೆ. ಮನುಷ್ಯರ ಮೇಲೆ ಅಕ್ಕರೆ ಇದ್ದರೂ ಇದೇ ಮಾತು, ಇಷ್ ಹಾಬೆ ಡಿಷ್ ಗೆರ್ನ್. ದೊಡ್ಡ ಪ್ರೇಮದ ಮಾತಲ್ಲ, ನೀನು ಇದ್ದೀಯಲ್ಲ ಅದು ನನಗೆ ಖುಷಿ, ಅಷ್ಟೇ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಬೇರೆಯದೇ. ಪದೇ ಪದೇ ಆಗುವ ಅನಾಹುತಕ್ಕೂ ಅವರು ಗೆರ್ನ್ ಎನ್ನುತ್ತಾರೆ. ಹಾಲು ಗೆರ್ನ್ ಉಕ್ಕುತ್ತದೆ. ಮಳೆ ಬಂದರೆ ಕಲ್ಲು ಗೆರ್ನ್ ಜಾರುತ್ತದೆ. ಅಂದರೆ ಹಾಲಿಗೆ ಉಕ್ಕುವುದೆಂದರೆ ಹಿಗ್ಗು, ಕಾಯುತ್ತಲೇ ಇರುತ್ತದೆ. ನಾನು ಕೇಳಿ ಬಿದ್ದು ಬಿದ್ದು ನಕ್ಕೆ. ನಮ್ಮ ಅಡುಗೆಮನೆಯಲ್ಲಿ ಖುಷಿಯಿಂದ ಕೆಲಸ ಮಾಡುವುದು ಹಾಲೊಂದೇ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಆಮೇಲೆ ಮೇಡಂ ಪೆನ್ಸಿಲನ್ನು ನನ್ನ ಕಡೆ ತಿರುಗಿಸಿ, ನೀನು ಏನನ್ನು ಗೆರ್ನ್ ಮಾಡುತ್ತೀಯ ಎಂದು ಕೇಳಿದರು.

ನಾನು ಒಳ್ಳೆಯ ವಿದ್ಯಾರ್ಥಿನಿ. ಪಟಪಟ ಹೇಳಿದೆ. ಇಷ್ ಕೊಖೆ ಗೆರ್ನ್, ನಾನು ಖುಷಿಯಿಂದ ಅಡುಗೆ ಮಾಡುತ್ತೇನೆ. ಖುಷಿಯಿಂದ ಪಾತ್ರೆ ತೊಳೆಯುತ್ತೇನೆ. ಖುಷಿಯಿಂದ ಕಸ ಗುಡಿಸುತ್ತೇನೆ. ಗೊತ್ತಿದ್ದ ಕೆಲಸದ ಮಾತುಗಳಿಗೆಲ್ಲ ಒಂದೊಂದು ಗೆರ್ನ್ ಅಂಟಿಸಿದೆ. ಮೇಡಂ ತಲೆಯಾಡಿಸಿದರು. ಉಚ್ಚಾರ ಸರಿ, ವಾಕ್ಯ ಸರಿ. "ಆದ್ರ ನೀ ನಿನ್ನ ಮುಖ ನೋಡ್ಕೋಬೇಕು," ಎಂದು ತಮ್ಮ ಹೊಸ ಕನ್ನಡದಲ್ಲಿ ಹೇಳಿ ನಕ್ಕರು. ಖುಷಿಯಿಲ್ಲದಿದ್ದರೆ ಅದಕ್ಕೂ ದಾರಿ ಇದೆ ಎಂದರು, ನಿಷ್ಟ್ ಗೆರ್ನ್. ಆಗ ಕೆಲಸ ಮಾಡುವುದಿಲ್ಲ ಎಂದಾಗುವುದಿಲ್ಲ, ಮಾಡುತ್ತೇನೆ, ಖುಷಿಯಿಂದಲ್ಲ ಎಂದಾಗುತ್ತದೆ. ನಾನು ಹೂಂ ಎಂದು ಒಳಗೆ ಹೋಗಿ ಬದನೆಕಾಯಿ ಸೀಳತೊಡಗಿದೆ. ಹಾಗೆ ಹೇಳಲು ಒಂದು ದೇಶದಲ್ಲಿ ಜಾಗ ಇಟ್ಟಿದ್ದಾರಲ್ಲ ಎಂದು ಆಶ್ಚರ್ಯವಾಯಿತು. ಮಾಡುವುದನ್ನು ಬಿಡದೆಯೇ ಖುಷಿಯಿಲ್ಲ ಎನ್ನಬಹುದು, ಯಾರೂ ಮೈಗಳ್ಳಿ ಎನ್ನುವುದಿಲ್ಲ.

ಅದೇ ದಿನಗಳಲ್ಲಿ ನನ್ನ ಗಂಡ ರಸ್ತೆಯ ಪಕ್ಕದ ನಮ್ಮ ತುಂಡು ಜಾಗದಲ್ಲಿ ಖಾನಾವಳಿ ತೆರೆಯಲು ಹೊರಟಿದ್ದರು. ಸೀಸನ್ನಿನಲ್ಲಿ ಹಂಪಿಗೆ ಹೋಗುವವರು ಸಾವಿರ ಮಂದಿ, ಬಿಸಿ ರೊಟ್ಟಿ ಹಾಕುವವರು ಯಾರಿದ್ದಾರೆ ಎಂಬುದು ಅವರ ವಾದ. ತಗಡಿನ ಶೆಡ್ಡು ಎದ್ದಿತು. ಸಂಡೂರಿನಿಂದ ಗೌಂಡಿ ಬಂದು ಎರಡು ದೊಡ್ಡ ಒಲೆ ಕಟ್ಟಿದ. ನನ್ನ ಗಂಡ ಆ ಒಲೆಗಳ ಸುತ್ತ ಸುತ್ತಿದ್ದೇ ಸುತ್ತಿದ್ದು. ಹೊಗೆ ಹೋಗುವ ದಾರಿ ನೋಡುವುದು, ಬಾಯಿಯ ಅಗಲ ಅಳೆಯುವುದು, ಮಣ್ಣು ಸವರುವುದು. ಹೊಸಪೇಟೆಯಿಂದ ಬೋರ್ಡು ಬರೆಯುವವನು ಬಂದ. ಬೋರ್ಡಿಗೆ "ಅಕ್ಕನ ಕೈರುಚಿ" ಎಂದು ಹೆಸರಂತೆ. ಪಕ್ಕದಲ್ಲಿ ರೊಟ್ಟಿ ಬಡಿಯುವ ಅಕ್ಕನ ಚಿತ್ರ. ಅದಕ್ಕೆ ನನ್ನ ಫೋಟೋ ಬೇಕಂತೆ.

"ನಿನ್ನ ಕೈ ರುಚಿಗೇ ಜನ ಬರೋದು," ಎಂದರು ಗಂಡ. "ನಿನಗೂ ಅಡಿಗಿ ಅಂದ್ರ ಜೀವ. ಇನ್ ಮ್ಯಾಲೆ ಇಡೀ ರೋಡಿಗೇ ಉಣಿಸ್ಬಹುದು ನೋಡು."

ನನ್ನ ಜೀವ ಧಸಕ್ ಎಂದಿತು. ಮೂರು ಕೋಣೆಯ ಅತಿಥಿಗಳಿಗೆ ಬೇಯಿಸಿ ಹಾಕುವುದೇ ಸಾಕಾಗಿತ್ತು. ಇನ್ನು ಹಾದು ಹೋಗುವ ಬಸ್ಸು, ಆಟೋ, ಟೆಂಪೊ ಎಲ್ಲಕ್ಕೂ ರೊಟ್ಟಿ ಬಡಿಯುತ್ತ, ಬೋರ್ಡಿನ ಮೇಲೂ ರೊಟ್ಟಿ ಬಡಿಯುತ್ತ, ನನ್ನ ಉಳಿದ ಆಯುಸ್ಸೆಲ್ಲ ಆ ಎರಡು ಒಲೆಗಳ ಮುಂದೆಯೇ ಕಳೆಯಬೇಕು. ಬೇಡ ಎನ್ನೋಣವೆಂದರೆ ಈ ಮನುಷ್ಯ ಇಷ್ಟು ಖುಷಿಯಾಗಿ ಇದ್ದುದನ್ನು ನಾನು ಮದುವೆಯಾದಾಗಿನಿಂದ ನೋಡಿರಲಿಲ್ಲ. ಸಿಳ್ಳೆ ಹಾಕುತ್ತ ಇಟ್ಟಿಗೆ ಜೋಡಿಸುತ್ತಿದ್ದರು. ಅಂಥವರ ಮುಂದೆ ಹೋಗಿ ನನಗೆ ಸೇರುವುದಿಲ್ಲ ಎನ್ನಲು ನಾಲಿಗೆ ಏಳಲಿಲ್ಲ. "ಫೋಟೋ ನಾಳೆ ಕೊಡ್ತೀನ್ರಿ," ಎಂದೆ. ಮರುದಿನವೂ ನಾಳೆ ಎಂದೆ. ಬೋರ್ಡಿನವನು ಎರಡು ಸಲ ಬಂದು ಹೋದ. ಒಲೆಗೆ ಪೂಜೆ ಮಾಡಿ ಬೆಂಕಿ ಹಾಕುವ ದಿನ ಹತ್ತಿರ ಬರುತ್ತಿತ್ತು. ನಾನು ರಾತ್ರಿಯೆಲ್ಲ ನಿದ್ದೆಗೆಟ್ಟು ಅಳುವ ಪೈಕಿಯಲ್ಲ, ಆದರೆ ಮಧ್ಯಾಹ್ನ ಒಬ್ಬಳೇ ಇದ್ದಾಗ ಲಟ್ಟಣಿಗೆಗೆ ಬೈಯುತ್ತಿದ್ದೆ.

ಮೇಡಂ ಆ ವಾರ ನನಗೆ ಹೋಂವರ್ಕ್ ಕೊಟ್ಟರು. ಮನೆಯವರು ಏನೇನನ್ನು ಗೆರ್ನ್ ಮಾಡುತ್ತಾರೆ ಎಂದು ಹೇಳಬೇಕು. ನಾನು ಅಲ್ಲಿಯೇ, ನಿಂತ ನಿಲುವಿನಲ್ಲಿ ಒಪ್ಪಿಸಿಬಿಟ್ಟೆ: ನಮ್ಮತ್ತೆ ಖುಷಿಯಿಂದ ಪೂಜೆ ಮಾಡುತ್ತಾರೆ, ನಮ್ಮ ಯಜಮಾನರು ಖುಷಿಯಿಂದ ಸಂತೆಗೆ ಹೋಗುತ್ತಾರೆ.

"ನೀ ಕೇಳ್ದಿ?" ಎಂದರು ಮೇಡಂ.

"ಗಂಡನ್ನ ಏನ್ ಕೇಳೋದ್ರಿ. ಗೊತ್ತಿರತೈತಿ."

"ಕೇಳು," ಎಂದು ಪೆನ್ಸಿಲಿನಿಂದ ಕಟ್ಟೆಯನ್ನು ಒಮ್ಮೆ ಕುಟ್ಟಿದರು. ಟೀಚರ್ ಗತ್ತು ಎಂದರೆ ಗತ್ತೇ. ನಾಳೆ ತಾನೂ ಕೂತು ಕೇಳುತ್ತೇನೆ ಎಂದರು.

ಮರುದಿನ ಸಂಜೆ ಎಲ್ಲರೂ ಕಟ್ಟೆಯ ಮೇಲೆ ಕೂತೆವು. ಮಂಡಕ್ಕಿ ಒಗ್ಗರಣೆ, ಮಿರ್ಚಿ ಮಾಡಿದ್ದೆ, ಖುಷಿಯಿಂದಲ್ಲ. ಮೊದಲು ಅತ್ತೆಯ ಸರದಿ. ನಿಮಗೆ ಯಾವ ಕೆಲಸ ಮಾಡುವಾಗ ಭಾಳ ಖುಷಿಯಾಗುತ್ತದೆ ಎಂದು ಕೇಳಿದೆ. ಪೂಜೆ, ಜಪ, ವಿಭೂತಿ ಎಂದು ಏನಾದರೂ ಬರುತ್ತದೆ ಎಂದು ಕಾಯುತ್ತಿದ್ದೆ.

"ಬಯ್ಯೋದು," ಎಂದರು ಅತ್ತೆ.

"ಏನ್ರಿ?"

"ಬಯ್ಯೋದವ್ವ. ಮುಂಜಾನಿ ಎದ್ದು ಒಬ್ರನ್ನರ ನೆಟ್ಟಗ ಬಯ್ದ್ರ ಮೈ ಹಗುರ ಆಕ್ಕೇತಿ. ಅದನ್ನ ಬರಕೋ ಅಂತ ಹೇಳ್ ಆಕಿಗೆ."

ನಾನು ಜರ್ಮನ್ನಿನಲ್ಲಿ ಹೇಳಿದೆ, ಮೇಡಂ ಮಿರ್ಚಿ ಕೈಯಲ್ಲಿ ಹಿಡಿದುಕೊಂಡೇ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಜರ್ಮನ್ನಿನಲ್ಲಿ ಗೆರ್ನ್ ಹಾಕಿಯೇ ಒಬ್ಬರನ್ನು ಬಯ್ಯಬಹುದು ಎಂದು ಅತ್ತೆಗೆ ಒಂದು ಮಾತು ಕಲಿಸಿದರು. ನೀನು ನನ್ನ ಮೇಲೆ ಅಕ್ಕರೆ ಇಟ್ಟುಕೋಬಹುದು ಎಂದು ಕೇಳಿಸುತ್ತದೆ, ಆದರೆ ಹೇಳುವುದು ನಿನ್ನ ದಾರಿ ನೀನು ನೋಡ್ಕೋ ಹೋಗು ಎಂದು. ಅತ್ತೆಗೆ ಅದು ಬಲು ಹಿಡಿಸಿತು. ನಗುನಗುತ್ತ ಬಯ್ಯುವವರು ಅಂದರೆ ಜಾಣರೇ ಎಂದು ಜರ್ಮನಿಗೆ ಒಂದು ಸರ್ಟಿಫಿಕೇಟು ಕೊಟ್ಟರು.

ಆಮೇಲೆ ಗಂಡನ ಕಡೆ ತಿರುಗಿದೆ. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದು ಈ ಪ್ರಶ್ನೆ ಕೇಳುವಾಗ ನನಗೆ ಹೊಸ ಮದುಮಗಳ ಹಾಗೆ ನಾಚಿಕೆಯಾಯಿತು. ನಾನಾಗಿ ಕೇಳುತ್ತಿಲ್ಲ, ಮೇಡಂ ಕೇಳಿಸುತ್ತಿದ್ದಾರೆ ಎಂದು ಧೈರ್ಯ ತಂದುಕೊಂಡೆ. "ನಿಮಗ ಏನ್ ಮಾಡಾಕ ಖುಷಿ ಆಕ್ಕೇತಿ ಅಂತ ಕೇಳಾಕತ್ತಾರ್ರಿ. ಸಂತಿ ಅಂತ ಹೇಳ್ಲಾ?"

"ಸಂತಿ?" ಅವರು ಮುಖ ಕಿವಿಚಿದರು. "ಸಂತಿ ಯಾರಿಗ್ ಬೇಕು. ಹೋದ್ ಕೂಡ್ಲೆ ಎಲ್ಲಾರೂ ನನ್ನ ಮುಖ ನೋಡೇ ಬಲ್ತ ಬೆಂಡೀಕಾಯಿ ಕಟ್ಟತಾರ. ಗಂಡಸು ಅಂತ ಹೋಗ್ಬೇಕು, ಹೋಗ್ತೀನಿ."

ಅದು ನಿಜವೇ. ನಮ್ಮ ಮನೆಗಳಲ್ಲಿ ಸಂತೆ ಗಂಡಸರದು, ಒಲೆ ಹೆಂಗಸರದು. ಅವರು ತಂದ ಬೆಂಡೆಕಾಯಿಯನ್ನು ಮುರಿಯಲು ನಾನು ಕೊಡಲಿ ಕೇಳುತ್ತಿದ್ದುದೊಂದು ಬಾಕಿ. "ಮತ್ತೇನ್ ಖುಷಿ?" ಎಂದೆ.

ಅವರು ಬಾಳೆ ತೋಟದ ಕಡೆ ನೋಡಿದರು, ತಾಯಿಯ ಕಡೆ ನೋಡಿದರು, ಮಂಡಕ್ಕಿಯ ಬಟ್ಟಲನ್ನು ಕೆಳಗಿಟ್ಟರು. ಆಮೇಲೆ ಮೆಲ್ಲಗೆ, "ಅಡಿಗಿ," ಎಂದರು.

ನಾನು ತಮಾಷೆ ಎಂದುಕೊಂಡೆ. ಅವರ ಮುಖದಲ್ಲಿ ತಮಾಷೆ ಇರಲಿಲ್ಲ.

"ಮಠದ ದಾಸೋಹಕ್ಕ ಹೋದ್ರ ನಾ ಹುಗ್ಗಿ ಕಡಾಯಿ ಬಿಟ್ಟು ಕದಲಂಗಿಲ್ಲ, ನೀ ನೋಡಿಯಲ್ಲ. ಆ ಗೋದಿ ಬೆಂದು ಬೆಲ್ಲ ಬಿದ್ದಾಗ ಒಂದ್ ವಾಸ್ನಿ ಬರತೈತಿ ನೋಡು, ಹೊತ್ತು ಹೋಗಿದ್ದ ಗೊತ್ತಾಗಂಗಿಲ್ಲ. ಮನ್ಯಾಗೂ ಏನರ ಮಾಡ್ಬೇಕು ಅಂತ ಅನಸ್ತಿತ್ತು. ಆದ್ರ ಒಲಿ ನಿಂದು. ನೀ ಒಳಗ ಯಾರನ್ನೂ ಬಿಟ್ಕೊಳ್ಳಂಗಿಲ್ಲ. ಅಷ್ಟ್ ಜೀವ ನಿನಗ ಅದರ ಮ್ಯಾಲೆ. ನಿನ್ನ ಖುಷಿ ಯಾಕ ಕಸ್ಕೋಬೇಕು ಅಂತ ದೂರ ಇದ್ದೆ. ಖಾನಾವಳಿ ಆದ್ರ ಕೆಲ್ಸ ಭಾಳ ಆಕ್ಕೇತಿ, ಆಗ ನೀನ ಕರೀತಿ, ಬರ್ರಿ ಇದೊಂದು ತಿರುವ್ರಿ ಅಂತ... ಅದಕ್ಕ."

ಅದಕ್ಕೇ ಶೆಡ್ಡು. ಅದಕ್ಕೇ ಒಲೆ. ಅದಕ್ಕೇ ಸಿಳ್ಳೆ.

ನಾನು ಒಳಗೆ ಯಾರನ್ನೂ ಬಿಟ್ಟುಕೊಳ್ಳುತ್ತಿರಲಿಲ್ಲ, ನಿಜ. ಯಾರಾದರೂ ಬಂದು ಮಾತಿಗೆ ನಿಂತರೆ ಅಡುಗೆ ತಡವಾಗುತ್ತದೆ, ಇನ್ನೂ ಹೊತ್ತು ಅಲ್ಲೇ ಇರಬೇಕಾಗುತ್ತದೆ ಎಂದು ಓಡಿಸುತ್ತಿದ್ದೆ. ಜೈಲಿನಲ್ಲಿದ್ದವಳು ಬೇಗ ಬಿಡುಗಡೆಯಾಗಲಿ ಎಂದು ಬಾಗಿಲು ಹಾಕಿಕೊಂಡರೆ, ಹೊರಗೆ ನಿಂತವರು ಒಳಗೆ ಹಬ್ಬ ನಡೆದಿದೆ ಎಂದುಕೊಂಡಿದ್ದರು.

ಮೇಡಂ ನನ್ನ ತೋಳು ಮುಟ್ಟಿ, ಏನಂದರು ಎಂದು ಕೇಳಿದರು. ನಾನು ಹೇಳಬೇಕಲ್ಲ. "ಎರ್ ಕೊಖ್ಟ್ ಗೆರ್ನ್," ಎಂದೆ, ಅವರು ಖುಷಿಯಿಂದ ಅಡುಗೆ ಮಾಡುತ್ತಾರೆ. ಮೇಡಂ ಹುಬ್ಬು ಮೇಲೇರಿಸಿ, ಮತ್ತೆ ನೀನು ಎಂದರು.

"ಇಷ್ ನಿಷ್ಟ್," ಎಂದೆ. ನಾನಿಲ್ಲ.

ಪರದೇಶದ ಭಾಷೆಯಲ್ಲಿ ಅದು ಎಷ್ಟು ಸಲೀಸಾಗಿ ಬಾಯಿಂದ ಬಂತು! ಆದರೆ ಗಂಡ, ಅತ್ತೆ ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ದುಭಾಷಿ. ಆ ಕಡೆಯದನ್ನು ಈ ಕಡೆಗೂ ಹೇಳಬೇಕು, ಅದು ನನ್ನ ಕೆಲಸ. ಒಂದು ಗುಟುಕು ನೀರು ಕುಡಿದು ಹೇಳಿಯೇಬಿಟ್ಟೆ.

"ನನಗ ಅಡಿಗಿ ಸೇರಂಗಿಲ್ರಿ. ಮೊದ್ಲಿಂದೂ ಸೇರಂಗಿಲ್ಲ."

ಗಂಡ ಬಾಯಿ ತೆರೆದವರು ಮುಚ್ಚಲಿಲ್ಲ. "ಮತ್ತ ಅಷ್ಟ್ ರುಚಿ ಹೆಂಗ್ ಆಕ್ಕೇತಿ?"

"ಕೆಟ್ರ ಮತ್ತೊಮ್ಮೆ ಮಾಡ್ಬೇಕಲ್ರಿ. ಅದಕ್ಕ ಒಂದ ಸಲಕ್ಕ ನೆಟ್ಟಗ ಮಾಡಿ ಮುಗಿಸ್ತಿದ್ದೆ."

ಅವರು ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಮೊದಲು ಯಾರಿಗೆ ನಗು ಬಂತೋ ಗೊತ್ತಿಲ್ಲ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ನಗುವಿನ ನಡುವೆ ಅಳುವೂ ಬಂತು. ದುಃಖದ ಅಳುವಲ್ಲ. ತಲೆಯ ಮೇಲಿನ ಕೊಡ ಇಳಿಸಿದಾಗ ಕತ್ತಿಗೆ ಒಂದು ಥರ ಆಗುತ್ತದಲ್ಲ, ಹಾಗೆ.

"ಹಂಗಾರ ನಿನಗ ಏನ್ ಖುಷಿ?" ಎಂದರು. ಈ ಸಲ ಕೇಳಿದ್ದು ಮೇಡಂ ಅಲ್ಲ.

ಅದನ್ನು ನಾನೂ ಆ ವಾರವೆಲ್ಲ ಯೋಚಿಸಿದ್ದೆ. ಕಂಪ್ಲಿಯಲ್ಲಿ ನಮ್ಮಪ್ಪನದು ಅಕ್ಕಿ ಗಿರಣಿ. ಸಂತೆಯ ದಿನ ಅಪ್ಪ ನನ್ನನ್ನೇ ಕರೆದುಕೊಂಡು ಹೋಗುತ್ತಿದ್ದರು. ಬದನೆಕಾಯಿಯ ತೊಟ್ಟು ಹೇಗಿರಬೇಕು, ಹಲ್ಲಿನಲ್ಲಿ ಭತ್ತ ಕಡಿದು ಹಸಿಯೋ ಒಣಗಿದ್ದೋ ಹೇಗೆ ತಿಳಿಯಬೇಕು, ಯಾವ ಮಾತಿಗೆ ನಗಬೇಕು, ಯಾವ ಮಾತಿಗೆ ಬೇಡ ಎಂದು ಎದ್ದು ನಡೆಯಬೇಕು, ಎಲ್ಲ ಕಲಿಸಿದ್ದರು. ಆ ಗದ್ದಲ, ಆ ಕೊತ್ತಂಬರಿಯ ವಾಸನೆ, ಮೂರು ಅಂಗಡಿ ಬಿಟ್ಟು ಹೋಗುವ ಹಾಗೆ ಮಾಡಿ ನಾಲ್ಕನೆಯದರಿಂದ ವಾಪಸು ಬರುವ ಆಟ! ಮದುವೆಯಾಗಿ ಬಂದ ಮೇಲೆ ಸಂತೆ ಗಂಡಸರ ಪಾಲಾಯಿತು, ನಾನು ಬಲಿತ ಬೆಂಡೆಕಾಯಿಯ ಪಾಲಾದೆ.

"ಸಂತಿ," ಎಂದೆ.

ಈಗ ಎದ್ದರು ನೋಡಿ ನಮ್ಮತ್ತೆ. "ಏನ್ ಆಟ ಹಚ್ಚೀರಿ? ಹೆಂಗ್ಸು ಸಂತಿ ಮಾಡಾಕಿ, ಗಂಡ್ಸು ರೊಟ್ಟಿ ಬಡ್ಯಾವ? ರೋಡಿನ್ ಮ್ಯಾಲೆ ಕುಂತು ನನ್ ಮಗ ರೊಟ್ಟಿ ಬಡದ್ರ ನಾ ಊರಾಗ ಮುಖ ಹೆಂಗ್ ತೋರಿಸ್ಲಿ?"

ಹಾಗೆ ನೋಡಿದರೆ ಖುಷಿಯ ಕೆಲಸಕ್ಕೆ ಅತ್ತೆಯೇ ಮೊದಲು ಇಳಿದಿದ್ದರು. ನಾನು ಸೋಲಲಿಲ್ಲ. "ಮಠದಾಗ ಹುಗ್ಗಿ ತಿರುವಿದ್ರ ಪುಣ್ಯ, ಮನ್ಯಾಗ ತಿರುವಿದ್ರ ನಾಚಿಕಿ, ಇದ್ ಯಾವ ಲೆಕ್ಕ ಅತ್ತಿ?" ಎಂದೆ.

ಅತ್ತೆ ಮಗನ ಕಡೆ ತಿರುಗಿ, "ಹಿಟ್ಟು ನಾದಾಕರ ಬರತೈತೇನಲೇ ನಿನಗ? ಕುದಿ ನೀರು ಎಷ್ಟ್ ಹಾಕ್ತಿ?" ಎಂದರು. ಮಗ ಹೇಳಿದ ಅಳತೆ ತಪ್ಪಾಗಿತ್ತು. ಅತ್ತೆಗೆ ಬಯ್ಯಲು ವರ್ಷಕ್ಕಾಗುವಷ್ಟು ಸಿಕ್ಕಿಬಿಟ್ಟಿತು. ಮರುದಿನದಿಂದಲೇ ಒಲೆಯ ಪಕ್ಕ ಮಣೆ ಹಾಕಿಕೊಂಡು ಕೂತು ಮಗನಿಗೆ ರೊಟ್ಟಿ ಕಲಿಸತೊಡಗಿದರು. "ದನಕ್ಕ ಹಾಕೋ ಹಿಟ್ಟೇನಲೇ ಇದು? ಅಂಗೈ ಊರಿ ನಾದು!" ಎಂಬ ಕೂಗು ಕಾಲುವೆಯವರೆಗೆ ಕೇಳುತ್ತಿತ್ತು. ಅವರ ಮೈ ಎಷ್ಟು ಹಗುರಾಯಿತೆಂದರೆ ಮೊಣಕಾಲು ನೋವಿನ ಮಾತನ್ನೇ ಆ ವಾರ ಎತ್ತಲಿಲ್ಲ. ಬೋರ್ಡಿನವನಿಗೆ ನಾನು ಫೋಟೋ ಕೊಡಲಿಲ್ಲ. ಅಕ್ಕ ಎಂಬುದನ್ನು ಅಳಿಸಿ ಬರೀ "ಬಿಸಿ ರೊಟ್ಟಿ ಊಟ" ಎಂದು ಬರೆಸಿದೆವು. ಚಿತ್ರದಲ್ಲಿ ಎರಡು ಬದನೆಕಾಯಿ.

ಒಲೆ ಹಚ್ಚುವ ದಿನ ಬೆಳಕು ಹರಿಯುವಾಗಲೇ ನಾನು ಆಟೋ ಹತ್ತಿ ಹೊಸಪೇಟೆ ಮಾರ್ಕೆಟ್ಟಿಗೆ ಹೋದೆ. ಕಾಲಿಟ್ಟ ಕೂಡಲೇ ಕೈ ಚುರುಗುಟ್ಟಿತು. ಬದನೆಕಾಯಿ ಮಾರುವ ಹೆಂಗಸು, "ತಗೊಳ್ರಿ ಅಕ್ಕಾರ, ಈಗ ಕೊಯ್ದದ್ದು," ಎಂದಳು. ನಾನು ತೊಟ್ಟು ಹಿಡಿದು ನೋಡಿ, "ಈಗ ಅಂದ್ರ ಯಾವಾಗ, ಮೊನ್ನಿಯಾ?" ಎಂದೆ. ಅವಳ ಮುಖ ಅರಳಿತು. ತನಗೆ ಸರಿಜೋಡಿ ಸಿಕ್ಕಳೆಂದು ಅವಳಿಗೂ ಗೊತ್ತಾಗಿರಬೇಕು. ಇಬ್ಬರೂ ಸೆರಗು ಸಿಕ್ಕಿಸಿಕೊಂಡು ಜಗಳಕ್ಕೆ ನಿಂತೆವು. ನಾನು ಎದ್ದು ನಡೆದೆ, ಅವಳು ಕರೆದಳು. ಅವಳು ಮುಖ ತಿರುಗಿಸಿದಳು, ನಾನು ವಾಪಸು ಬಂದೆ. ಕೊನೆಗೆ ಚೀಲ ತುಂಬಿಸಿ ಮೇಲೆ ಒಂದು ಹಿಡಿ ಕರಿಬೇವು ಹಾಕಿ, "ದಿನಾ ಬರ್ರಿ," ಎಂದಳು. ಬರುತ್ತೇನೆ ಎಂದೆ. ಮೈಯೆಲ್ಲ ಬೆವರು, ಮುಖದ ತುಂಬ ನಗು. ಬರುವಾಗ ಆಟೋದಲ್ಲಿ ಚೀಲಗಳ ನಡುವೆ ಕೂತು ಇಷ್ಟು ವರ್ಷ ಇದನ್ನು ಬಿಟ್ಟು ನಾನು ಹೇಗೆ ಬದುಕಿದ್ದೆ ಎಂದು ನನಗೇ ಸೋಜಿಗವಾಯಿತು.

ಶೆಡ್ಡಿಗೆ ಬಂದಾಗ ಒಲೆ ಉರಿಯುತ್ತಿತ್ತು. ಒಳಗೆ ನಾಲ್ಕೈದು ಮಂದಿ ಆಟೋದವರು, ಗಾದಿಗನೂರಿನ ಕಡೆಯ ಇಬ್ಬರು ಲಾರಿಯವರು, ಮೂಲೆಯಲ್ಲಿ ನಮ್ಮ ಮೇಡಂ. ಗಂಡನ ಹಣೆಗೆ ಹಿಟ್ಟು, ಮೀಸೆಗೆ ಹಿಟ್ಟು. ಅತ್ತೆ ಮಣೆಯ ಮೇಲೆ. ನಾನು ಅಭ್ಯಾಸಬಲದಿಂದ ಚೀಲ ಇಳಿಸಿ ಸೀದಾ ನೀರಿನ ಕೊಡದ ಕಡೆ ನಡೆದೆ, ಬಡಿಸೋಣವೆಂದು.

"ನೀ ಎಲ್ಲಿ ಹೊಂಟಿ? ಕುಂದ್ರು," ಎಂದರು ಗಂಡ. ತಟ್ಟೆ ತಂದು ನನ್ನ ಮುಂದಿಟ್ಟರು. ಹಂಚಿನಿಂದ ಆಗಷ್ಟೇ ತೆಗೆದ ಜೋಳದ ರೊಟ್ಟಿ, ಹೊಟ್ಟೆಯುಬ್ಬಿಸಿಕೊಂಡು ಉಸ್ಸೆನ್ನುತ್ತಿತ್ತು. ಒಂದು ಕಡೆ ಅಂಚು ಹರಿದಿತ್ತು. ಪಕ್ಕಕ್ಕೆ ಎಣ್ಣೆಗಾಯಿ, ಶೇಂಗಾ ಚಟ್ನಿ. ಲಾರಿಯವರು ತಮ್ಮ ಸರದಿಗೆ ಕಾಯುತ್ತಿದ್ದರು. "ಅವ್ರಿಗ್ ಮೊದ್ಲು ಹಾಕ್ರಿ," ಎಂದೆ. "ಅವ್ರು ತಡೀತಾರ. ನೀ ಉಣ್ಣು," ಎಂದು ಅವರು ಅಲ್ಲೇ ನಿಂತರು, ಎರಡೂ ಕೈ ಸೊಂಟಕ್ಕೆ ಒರೆಸಿಕೊಳ್ಳುತ್ತ. ನನ್ನ ಬಾಯಿಯನ್ನೇ ನೋಡುತ್ತ, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವರ ಹಾಗೆ. ಊರಿಗೆಲ್ಲ ಬಡಿಸಿದವಳು ನಾನು, ಉಣ್ಣುವವರ ಮುಖವನ್ನು ಒಂದು ದಿನವೂ ಹಾಗೆ ಕಾದಿರಲಿಲ್ಲ. ಪ್ರೀತಿಯಿಂದ ಅಡುಗೆ ಮಾಡುವವರು ಹೇಗಿರುತ್ತಾರೆ ಎಂದು ನನಗೆ ಅವತ್ತು ಗೊತ್ತಾಯಿತು.

ರೊಟ್ಟಿ ಮುರಿದೆ. ಬೆರಳು ಸುಟ್ಟಿತು. ಬಾಯಿಗಿಟ್ಟುಕೊಂಡ ಮೇಲೆ ನೆನಪಾಯಿತು, ಮದುವೆಯಾಗಿ ಈ ಮನೆಗೆ ಬಂದ ಮೇಲೆ ನಾನು ಕೂತು, ಇನ್ನೊಬ್ಬರು ನಿಂತು ಬಡಿಸಿ, ಹಂಚಿನಿಂದ ಇಳಿದ ಬಿಸಿ ರೊಟ್ಟಿ ತಿಂದದ್ದು ಇದೇ ಮೊದಲು. ಕೊನೆಗೆ ಕೂತು ತಣ್ಣಗಿನದನ್ನೇ ತಿಂದು ತಿಂದು, ಜೋಳದ ರೊಟ್ಟಿಗೆ ಇಷ್ಟು ಸಿಹಿ ಇದೆ ಎಂಬುದೇ ಮರೆತುಹೋಗಿತ್ತು. ಕಣ್ಣು ತುಂಬಿ ಬಂತು.

"ಏನಾತು? ಖಾರ ಆತೇನ?" ಎಂದು ಅವರು ಗಾಬರಿಯಾದರು. "ನಾ ಹೇಳ್ಲಿಲ್ಲ, ಖಾರ ಸುರೀಬ್ಯಾಡ ಅಂತ!" ಎಂದು ಅತ್ತೆ ಮಣೆಯಿಂದ ಶುರು ಮಾಡಿದರು.

ನಾನು ಬಾಯಿತುಂಬ ರೊಟ್ಟಿ ಇಟ್ಟುಕೊಂಡು ಅಲ್ಲವೆಂದು ತಲೆಯಾಡಿಸಿದೆ. ಆ ರೊಟ್ಟಿ ಮುಗಿದ ಮೇಲೆ ಖಾಲಿ ತಟ್ಟೆಯನ್ನು ಮುಂದೆ ಹಿಡಿದು, "ಇನ್ನೊಂದು ಹಾಕ್ರಿ," ಎಂದೆ.